ಹಗುರ ಅನ್ನಬಾರದು

ಸೂಜಿಯಮ್ಮ ಬಾಗಿಲ ಚೌಕಟ್ಟಿಗೆ ಬೆನ್ನು ಕೊಟ್ಟು ನಿಂತು, ತಾಯಂದಿರ ಸೊಂಟವೇರಿ ಬರುತ್ತಿದ್ದ ಒಂದೊಂದು ಮಗುವಿನ ಎಡತೋಳನ್ನೂ ಕಣ್ಣಲ್ಲೇ ಅಳೆದು ಒಳಗೆ ಬಿಡುತ್ತಿದ್ದಳು. ಸಾವಿನ ಮನೆಯಲ್ಲಿ ಜನ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ. ತೋಳು ನೋಡುವ ಚಾಳಿ ಅವಳಿಗೆ ಅಂಟಿದ್ದು, ಒಳಗೆ ಹಲಗೆಯ ಮೇಲೆ ಮಲಗಿದ್ದವಳಿಂದ.

“ಹಂಗ್ಯಾಕೆ ನೋಡ್ತೀರಿ ಸೂಜಿಯಮ್ಮ? ಇವತ್ತೂ ಚುಚ್ತೀರಾ?” ಎಂದು ಒಬ್ಬಳು ಮಗುವನ್ನು ಮೈಗೆ ಅವಚಿಕೊಂಡಳು.

“ಇವತ್ತು ರಜಾ. ಬಾ ಒಳಗೆ.”

ಇಪ್ಪತ್ತು ವರ್ಷ ಲಸಿಕೆ ಹಾಕಿದ ನರ್ಸಿಗೆ ಬಿಡಾರದ ಜನ ಇಟ್ಟ ಹೆಸರು ಸೂಜಿಯಮ್ಮ. ಪಕ್ಕದ ಮೇಜಿನಲ್ಲಿ ಮಕ್ಕಳನ್ನು ತೂಗುತ್ತಿದ್ದು, ಈಗ ಒಳಗೆ ಹಲಗೆಯ ಮೇಲೆ ಮಲಗಿದ್ದವಳು ತೂಕದಕ್ಕ. ವಯಸ್ಸಿನಲ್ಲಿ ಈ ಅಕ್ಕನೇ ಅಮ್ಮನಿಗಿಂತ ಆರು ವರ್ಷ ದೊಡ್ಡವಳು. ಅಕ್ಕ ಅಂದರೆ ಸಲಿಗೆ, ಅಮ್ಮ ಅಂದರೆ ಅಂಜಿಕೆ; ಸೂಜಿ ಹಿಡಿದ ಕೈಗೆ ಅದಕ್ಕಿಂತ ಹೆಚ್ಚಿನ ನೆಂಟಸ್ತಿಕೆ ಸಿಗುವುದಿಲ್ಲ ಎಂದು ಸೂಜಿಯಮ್ಮ ಎಂದೋ ಸಮಾಧಾನ ಮಾಡಿಕೊಂಡಿದ್ದಳು.

ಬಿಡಾರವೆಂದರೆ ಊರಂಚಿನ ಬಯಲು. ಹೊಳೆಗೆ ಮನೆ ಕಳೆದುಕೊಂಡವರು, ಬಂದೂಕಿನ ಸದ್ದಿಗೆ ಮನೆ ಬಿಟ್ಟವರು, ಎರಡೂ ಆದವರು, ನಾಲ್ಕು ದಿನಕ್ಕೆಂದು ಬಂದು ಇಪ್ಪತ್ತೈದು ವರ್ಷದಿಂದ ಅಲ್ಲೇ ಇದ್ದರು. ಡೇರೆಗಳು ತಗಡಿನ ಮನೆಗಳಾದವು, ತಗಡು ಇಟ್ಟಿಗೆಯಾಯಿತು. ಹಳಬರು ಗೋಡೆ ಕಟ್ಟಿಕೊಳ್ಳುತ್ತಿದ್ದಂತೆ ಹೊಸಬರು ಗಂಟುಮೂಟೆ ಹೊತ್ತು ಬಂದು ಇನ್ನೊಂದು ತುದಿಯಲ್ಲಿ ಡೇರೆ ಹೂಡುತ್ತಿದ್ದರು. ಆ ಹೊಸಬರಲ್ಲಿ ಒಬ್ಬಳಿಗಾಗಿ ಸೂಜಿಯಮ್ಮ ಬೆಳಗಿನಿಂದ ಬಾಗಿಲು ಕಾಯುತ್ತಿದ್ದದ್ದು.

ಅವಳ ಕೈಚೀಲದಲ್ಲಿ ಒಂದು ಚೀಟಿ ಇತ್ತು. ಹನ್ನೊಂದು ತಿಂಗಳ ಹೆಣ್ಣುಮಗು. ತೂಕ ಐದೂವರೆ ಕಿಲೋ. ತೋಳಪಟ್ಟಿ ಕೆಂಪು. ತೋಳಿಗೆ ಸುತ್ತುವ ಆ ಮೂರು ಬಣ್ಣದ ಪಟ್ಟಿಯಲ್ಲಿ ಹಸಿರು ಬಂದರೆ ಮಗು ಆಡಿಕೊಂಡಿರಲಿ ಎಂದರ್ಥ, ಹಳದಿ ಬಂದರೆ ಕಣ್ಣಿಟ್ಟಿರಿ ಎಂದರ್ಥ. ಕೆಂಪು ಬಂದರೆ ವಾರಕ್ಕೆ ಹದಿನಾಲ್ಕು ಪೊಟ್ಟಣ ಕಡಲೆಕಾಯಿ ಪೇಸ್ಟು, ಔಷಧಿ, ವಾರವಾರವೂ ತೂಕ. ಇಲ್ಲವಾದರೆ ಮಗು ಉಳಿಯುವುದು ಕಷ್ಟ. ಹೋದ ವಾರ ತೂಕದಕ್ಕ ಹಾಸಿಗೆ ಹಿಡಿದಿದ್ದಳು, ತೂಕದ ಮೇಜಿನಲ್ಲಿ ಸೂಜಿಯಮ್ಮ ಕೂತಿದ್ದಳು. ಹಸಿರು ಶಾಲು ಹೊದ್ದ ಆ ತಾಯಿ ಮಗು ತೂಗಿಸಿಕೊಂಡು, ಪೊಟ್ಟಣ ಕೊಡುವ ಪಕ್ಕದ ಮೇಜಿಗೆ ಹೋಗದೆ ನೆಟ್ಟಗೆ ಮನೆಗೆ ಹೋಗಿಬಿಟ್ಟಿದ್ದಳು. ಹದಿನಾಲ್ಕು ಪೊಟ್ಟಣ ಮೇಜಿನ ಮೇಲೇ ಉಳಿದವು. ಹುಡುಕಲು ಕಳಿಸಿದ ಕಾರ್ಯಕರ್ತೆ ವಾಪಸು ಬಂದು, “ಆ ಡೇರೇಲಿ ಈಗ ಬೇರೆಯವರಿದಾರೆ” ಎಂದಳು.

ತಪ್ಪಿಸಿಕೊಂಡವರನ್ನು ಹುಡುಕುವುದರಲ್ಲಿ ತೂಕದಕ್ಕನದು ಒಂದು ಉಪಾಯವಿತ್ತು. “ಮನೆಗೆ ಹೋದ್ರೆ ಬಾಗಿಲು ಹಾಕ್ಕೊಂಡಿರ್ತಾರೆ ಕಣೇ. ಮಣ್ಣಿಗೆ ಹೋಗು. ಮದುವೆಗಾದ್ರೂ ಬಟ್ಟೆ ಇಲ್ಲ ಅಂತ ತಪ್ಪಿಸ್ಕೊಳ್ತಾರೆ, ಮಣ್ಣಿಗೆ ಎಲ್ಲಾರೂ ಬರ್ತಾರೆ.” ಇವತ್ತು ನಿಜಕ್ಕೂ ಎಲ್ಲರೂ ಬಂದಿದ್ದರು. ಹಸಿರು ಶಾಲು ಮಾತ್ರ ಬಂದಿರಲಿಲ್ಲ.

ಒಳಗೆ ಬಡಗಿ ಹಲಗೆಯ ತುದಿ ಸವರುತ್ತಾ ಕೂತಿದ್ದ. ಇಪ್ಪತ್ತೈದರ ಆಳು, ಎತ್ತರಕ್ಕೆ ಬಾಗಿಲು ಸಾಲದು.

“ಅವಸರದಲ್ಲಿ ಅಳತೆ ತಪ್ಪಿತು ಭಾವ. ಒಂದು ಗೇಣು ಉದ್ದ ಆಯ್ತು. ಕೊಯ್ದುಬಿಡ್ಲಾ?”

ತೂಕದಕ್ಕನ ಗಂಡ ಗೋಡೆಗೊರಗಿ ಕೂತಿದ್ದ. ಕೊಡೆ ರಿಪೇರಿ ಅವನ ಕಸುಬು. ಹೆಂಡತಿಯನ್ನು ಅಕ್ಕ ಎನ್ನುವವರೆಲ್ಲ ಅವನನ್ನು ಭಾವ ಎನ್ನುತ್ತಿದ್ದುದರಿಂದ, ಒಬ್ಬಳನ್ನು ಕಟ್ಟಿಕೊಂಡ ತಪ್ಪಿಗೆ ಅವನು ಎಂಟು ಸಾವಿರ ಜನಕ್ಕೆ ಭಾವನಾಗಿದ್ದ.

“ಇರಲಿ ಬಿಡೋ,” ಎಂದ ಭಾವ. “ಕೊಸರು ಅಂದ್ಕೊ.”

ಸುತ್ತ ಕೂತವರು ಫಕ್ಕನೆ ನಕ್ಕರು. ನಕ್ಕ ಮೇಲೆ ಎಲ್ಲಿದ್ದೇವೆಂದು ನೆನಪಾಗಿ ಬಾಯಿಗೆ ಕೈ ಅಡ್ಡ ಹಿಡಿದರು.

*

ಇಪ್ಪತ್ತನಾಲ್ಕು ವರ್ಷದ ಕೆಳಗೆ ತೂಕದಕ್ಕನೂ ಸಾಲಿನಲ್ಲಿ ನಿಂತವಳೇ. ಬಿಟ್ಟು ಬಂದ ಊರಿನ ಸಂತೆಯಲ್ಲಿ ತರಕಾರಿ ತೂಗುತ್ತಿದ್ದಳು. ಇಲ್ಲಿ ತನ್ನ ಮಗಳನ್ನು ತೂಗಿಸಲು ಬಂದಿದ್ದಳು. ತೂಕದ ಡೇರೆಯ ಗುಮಾಸ್ತ ಒಂದೊಂದು ಮಗುವನ್ನೂ ತಕ್ಕಡಿಗೆ ತೂಗುಹಾಕಿ, ಮುಳ್ಳು ನಿಲ್ಲಲಿ ಎಂದು ಕಾಯುತ್ತಿದ್ದ. ಮಗು ಒದೆಯುತ್ತಿತ್ತು, ಮುಳ್ಳು ಕುಣಿಯುತ್ತಿತ್ತು, ಹೊತ್ತು ಏರುತ್ತಿತ್ತು.

“ಏಳು ಕಿಲೋ ಇನ್ನೂರು,” ಎಂದಳು ಸಾಲಿನಿಂದಲೇ. “ಇಳಿಸ್ರೀ ಪಾಪ. ಬೆಂಡೆಕಾಯಿನೂ ಯಾರೂ ಇಷ್ಟು ಹೊತ್ತು ತೂಗಲ್ಲ.”

ಗುಮಾಸ್ತ ಹಟಕ್ಕೆ ಬಿದ್ದು ಕಾದ. ಮುಳ್ಳು ಕುಣಿದು ಕುಣಿದು ಏಳು ಕಿಲೋ ಇನ್ನೂರಕ್ಕೆ ನಿಂತಿತು. ಮುಂದಿನ ವಾರದಿಂದ ತಕ್ಕಡಿ ಅವಳ ಕೈಗೆ ಬಂತು.

ಮೊದಲ ತಿಂಗಳ ಪಟ್ಟಿ ನೋಡಿ ಆಗಿನ ಡಾಕ್ಟರು ಹಿಗ್ಗಿದರು. ಮಕ್ಕಳೆಲ್ಲ ನೂರು ಗ್ರಾಂ ಏರಿದ್ದರು. ಎರಡನೇ ಸಲ ಓದಿದಾಗ ಹಿಗ್ಗು ಇಳಿಯಿತು. ಎಲ್ಲರೂ ಸರಿಯಾಗಿ ನೂರೇ ಗ್ರಾಂ ಏರಿದ್ದರು.

“ಇದೇನಮ್ಮ?”

“ಕೊಸರು ಸಾರ್.”

“ಏನು?”

“ತೂಗಿದ ಮೇಲೆ ಒಂಚೂರು ಮೇಲೆ ಹಾಕಿ ಕೊಡಲ್ವಾ? ಪಾಪ, ಅಷ್ಟು ದೂರದಿಂದ ಹೊತ್ಕೊಂಡು ಬಂದಿರ್ತಾರೆ. ಬರೀ ತೂಕ ಬರೆದು ಕಳಿಸೋಕೆ ಮನಸ್ಸು ಬರಲಿಲ್ಲ.”

ಡಾಕ್ಟರು ಬೈಯಲಿಲ್ಲ. ನಗುವುದೋ ಅಳುವುದೋ ತಿಳಿಯದೆ, ಒಂಬತ್ತು ಹೆಸರಿಗೆ ಪೆನ್ಸಿಲಿನಲ್ಲಿ ಗೆರೆ ಎಳೆದು ತೋರಿಸಿದರು. ಪೊಟ್ಟಣ ಸಿಗಬೇಕಾಗಿದ್ದ ಒಂಬತ್ತು ಮಕ್ಕಳು ಅವಳ ನೂರು ಗ್ರಾಮಿನ ಔದಾರ್ಯಕ್ಕೆ ಪಟ್ಟಿಯಿಂದ ಹೊರಬಿದ್ದಿದ್ದರು. ಅವಳು ಆ ಸಂಜೆಯೇ ಡೇರೆ ಡೇರೆ ತಿರುಗಿ ಒಂಬತ್ತೂ ಮನೆಯ ಮುಂದೆ ನಿಂತಳು. “ನಿಮ್ಮ ಮಗೂಗೆ ನಾನು ಜಾಸ್ತಿ ಕೊಟ್ಟುಬಿಟ್ಟಿದ್ದೆ. ವಾಪಸ್ ತಗೊಳ್ಳೋಕೆ ಬಂದೆ” ಎಂದಳಂತೆ. ಕೊಟ್ಟಿದ್ದೇನು, ತೆಗೆದುಕೊಳ್ಳುವುದೇನು ಎಂದು ತಿಳಿಯದೆ ಜನ ತಬ್ಬಿಬ್ಬಾದರು. ಒಂಬತ್ತೂ ಮಕ್ಕಳು ಪಟ್ಟಿಗೆ ಮರಳಿದವು. ಅವುಗಳಲ್ಲಿ ಒಂದು, ಈಗ ಬಾಗಿಲು ಸಾಲದ ಎತ್ತರದ ಬಡಗಿ.

*

“ಎಷ್ಟೊತ್ತಿಗೆ ಎತ್ತೋದು?” ಎಂದ ನೀರಿನ ಟ್ಯಾಂಕರಿನ ಡ್ರೈವರು, ಕಿಟಕಿಯಲ್ಲಿ ತಲೆ ತೂರಿಸಿ. ಮಣ್ಣು ಮುಗಿದ ಮೇಲೆ ಜನ ಕೈ ತೊಳೆಯಲು ಅವನು ಟ್ಯಾಂಕರು ತುಂಬಿಸಿಕೊಂಡು ಬಂದಿದ್ದ. ಯಾರೂ ಹೇಳಿರಲಿಲ್ಲ. ಅವನ ಮೂವರು ಮಕ್ಕಳೂ ತೂಕದಕ್ಕನ ತಕ್ಕಡಿಯಲ್ಲಿ ತೂಗಿದವರೇ.

“ಹೆರಿಗೆಯಮ್ಮ ಬರಲಿ,” ಎಂದಿತು ಒಂದು ದನಿ. “ಯಾರದೋ ಹೆರಿಗೆ ಹಿಡಿದಿದೆಯಂತೆ.”

“ಅಕ್ಕ ಹೋಗೋ ದಿನಾನೇ ಬರಬೇಕಿತ್ತಾ ಅದಕ್ಕೆ?”

“ಬರಲಿ ಬಿಡಿ. ಲೆಕ್ಕ ಸರಿಹೋಗುತ್ತೆ,” ಎಂದ ಭಾವ.

ಸೂಲಗಿತ್ತಿ ಬಂದಳು, ತೋಳು ಮಡಚಿದ ಅಂಗಿಯಲ್ಲೇ. “ಗಂಡು. ಮೂರು ಕಿಲೋ ಇರಬೇಕು, ಅಂದಾಜು” ಎಂದು ಅಭ್ಯಾಸಬಲದಿಂದ ಹಲಗೆಯ ಕಡೆ ತಿರುಗಿ ವರದಿ ಒಪ್ಪಿಸಿದಳು. ಅಲ್ಲಿಂದ ಉತ್ತರ ಬಾರದಿದ್ದಾಗ ಮಡಚಿದ್ದ ತೋಳುಗಳನ್ನು ಒಂದೊಂದಾಗಿ ಇಳಿಸಿಕೊಂಡಳು. ಸೂಜಿಯಮ್ಮ ಬಾಗಿಲು ಬಿಟ್ಟು ಅವಳ ಪಕ್ಕಕ್ಕೆ ಬಂದಳು. ಇಬ್ಬರೂ ಹಲಗೆಯ ಬಳಿ ಹೆಗಲಿಗೆ ಹೆಗಲು ತಾಗಿಸಿ ನಿಂತರು. ಹಾಗೆ ನಿಲ್ಲುವುದನ್ನು ಕಲಿಯಲು ಅವರಿಗೆ ಒಂದು ಜಗಳ ಬೇಕಾಗಿತ್ತು.

*

ಸೂಜಿಯಮ್ಮ ಕೆಲಸಕ್ಕೆ ಸೇರಿದಾಗ ತೂಕದ ಡೇರೆ ಬಿಡಾರದ ಒಂದು ತುದಿಗೆ, ಲಸಿಕೆಯದು ಇನ್ನೊಂದು ತುದಿಗೆ, ಬಸುರಿ ಬಾಣಂತಿಯರದು ದಿಬ್ಬದ ಮೇಲೆ. ಮೂರಕ್ಕೂ ಮೂರು ದಿನ, ಮೂರು ಬಣ್ಣದ ಚೀಟಿ. ಬಸುರಿಯೊಬ್ಬಳು ಸೊಂಟದ ಮೇಲೊಂದು ಮಗು ಇಟ್ಟುಕೊಂಡು ಮೂರು ಕಡೆ ಅಲೆಯಬೇಕು. ಜನ ಜಾಣರು, ತಿನ್ನಲು ಸಿಗುವ ಡೇರೆಗೆ ಮಾತ್ರ ಹೋಗುತ್ತಿದ್ದರು. ಸೂಜಿಗೆ ಸಾಲು ನಿಂತು ಯಾರಿಗೆ ಏನಾಗಬೇಕು?

ಒಂದು ಬೆಳಿಗ್ಗೆ ಸೂಜಿಯಮ್ಮ ಬಂದು ನೋಡಿದರೆ ಅವಳ ಮೇಜು ಇಲ್ಲ. ಕಳುವಾಯಿತೆಂದು ಕೂಗಾಡಿದಳು. ಕಳ್ಳಿ ಅಡಗಿರಲಿಲ್ಲ. ತೂಕದಕ್ಕ ಮೇಜನ್ನು ತಲೆಯ ಮೇಲೆ ಹೊತ್ತು ಹಾಡುಹಗಲೇ ಬಿಡಾರದ ನಡುಬೀದಿಯಲ್ಲಿ ನಡೆದು, ತನ್ನ ಡೇರೆಯೊಳಗೆ ತಕ್ಕಡಿಯ ಪಕ್ಕ ಇಟ್ಟಿದ್ದಳು. ಅದರ ಪಕ್ಕ ಸೂಲಗಿತ್ತಿಯ ಮಂಚವೂ ಬಂದು ಕೂತಿತ್ತು.

“ಯಾರನ್ನ ಕೇಳಿ ತಂದ್ರಿ?”

“ಕೇಳಿದ್ರೆ ಕೊಡ್ತಿದ್ಯಾ?”

“ನನ್ನ ಸೂಜಿ ಪಕ್ಕದಲ್ಲಿದ್ರೆ ಮಕ್ಕಳು ಅಳ್ತವೆ. ನಿಮ್ಮ ತಕ್ಕಡಿ ಹತ್ರಾನೂ ಬರಲ್ಲ. ಎಲ್ಲ ಹಾಳು ಮಾಡ್ತಿದೀರಿ!”

“ಅಳಲಿ ಕಣೇ. ಅಳೋ ಮಗು ಕಂಡ್ರೆ ನನಗೆ ಧೈರ್ಯ. ಸುಮ್ನೆ ನೋಡ್ತಾ ಇರೋ ಮಗು ಕಂಡ್ರೆ ಭಯ.”

ಸೂಜಿಯಮ್ಮ ಒಂದು ತಿಂಗಳು ಅವಳೊಡನೆ ಮಾತಾಡಲಿಲ್ಲ. ಎರಡು ಗೇಣು ದೂರದ ಮೇಜಿಗೆ ಚೀಟಿ ದಾಟಿಸುವಾಗಲೂ ಮುಖ ತಿರುಗಿಸಿಕೊಂಡೇ ದಾಟಿಸಿದಳು. ಆ ತಿಂಗಳು ಅವಳು ಹಾಕಿದ ಲಸಿಕೆ ಹಿಂದಿನ ಇಡೀ ವರ್ಷದ್ದಕ್ಕಿಂತ ಹೆಚ್ಚು. ತೂಗಲು ಬಂದ ತಾಯಿ ಎದ್ದು ಎರಡು ಹೆಜ್ಜೆ ಇಟ್ಟರೆ ಸೂಜಿ, ಇನ್ನೆರಡು ಹೆಜ್ಜೆಗೆ ಮಂಚ, ಆಮೇಲೆ ಒಂದೇ ಬಾಗಿಲು. ತಿಂಗಳ ಕೊನೆಗೆ ಸೂಜಿಯಮ್ಮ ಚಹಾದ ಲೋಟವನ್ನು ಕುಕ್ಕಿ ಮುಂದಿಟ್ಟಳು. ಅದೇ ರಾಜಿ.

ಮೇಲಿನವರು ಬಂದರು, ನೋಡಿದರು, ಒಂದೇ ಸೂರಿನಡಿ ಸಮಗ್ರ ಸೇವೆ ಎಂದು ವರದಿ ಬರೆದರು, ಬೇರೆ ಬಿಡಾರಗಳಿಗೂ ಅದನ್ನು ಕಲಿಸಿದರು. ಮೇಜು ಹೊತ್ತ ತಲೆಯ ವಿಚಾರ ವರದಿಯಲ್ಲಿರಲಿಲ್ಲ. ತೂಕದಕ್ಕನಿಗೆ ಅದನ್ನು ಓದಿ ಹೇಳಿದಾಗ, “ಮಂಚ ಹೊರೋದೇ ಕಷ್ಟ ಆಯ್ತು. ಅದನ್ನಾದ್ರೂ ಬರೀಬಹುದಿತ್ತು” ಎಂದಳು.

*

ಹೊತ್ತೇರಿತು. ನಾಲ್ವರು ಹಲಗೆಗೆ ಕೈ ಹಾಕಿದರು. ಮುಂದೆ ಎಡಗಡೆಗೆ ಬಡಗಿ, ಹಿಂದೆ ಟ್ಯಾಂಕರಿನ ಡ್ರೈವರು. ಸೂಜಿಯಮ್ಮ ಕೊನೆಯ ಸಲ ಗುಂಪಿನ ಮೇಲೆ ಕಣ್ಣಾಡಿಸಿದಳು. ಹಸಿರು ಶಾಲು ಇರಲಿಲ್ಲ.

“ಎತ್ತಿ.”

ಎತ್ತಿದರು. ಭಾರವಿರುತ್ತದೆಂದು ಉಸಿರು ಬಿಗಿಹಿಡಿದು ಎತ್ತಿದ್ದರಿಂದ ಹಲಗೆ ಒಮ್ಮೆಲೇ ಹೆಗಲಿನಿಂದ ಮೇಲೆ ಹಾರಿದಂತಾಯಿತು.

“ಅಯ್ಯೋ,” ಎಂದ ಡ್ರೈವರು. “ಅಕ್ಕ ಎಷ್ಟು ಹಗುರ ಆಗ್ಬಿಟ್ಟಿದಾರೆ!”

“ಆ ಮಾತು ಬೇಡ!”

ಭಾವ ಕೂಗಿದ್ದು ಕೇಳಿ ಎಲ್ಲರೂ ಬೆಚ್ಚಿದರು. ಬೆಳಗಿನಿಂದ ದನಿ ಎತ್ತದವನು ಅವನು. ಹೊತ್ತವರು ಹೊತ್ತಲ್ಲೇ ನಿಂತರು.

ಬಿಡಾರದ ಆರೋಗ್ಯ ಕೇಂದ್ರದಲ್ಲಿ ‘ಹಗುರ’ ಎಂಬ ಮಾತಿಗೆ ದಂಡವಿತ್ತು. ಯಾರ ಬಾಯಲ್ಲಿ ಬಂದರೂ ಅವರು ಎಲ್ಲರಿಗೂ ಚಹಾ ಕುಡಿಸಬೇಕು. ‘ತೂಕ ಸಾಲದು’ ಅನ್ನಬೇಕು. ಸೂಜಿಯಮ್ಮ ಸೇರುವ ಮೊದಲೇ ಇದ್ದ ನಿಯಮ. ತನ್ನ ತಕ್ಕಡಿಯ ಮೇಲಿನದನ್ನು ಹಗುರ ಎಂದು ಯಾವ ತರಕಾರಿಯವಳೂ ಒಪ್ಪುವುದಿಲ್ಲವಲ್ಲ, ಹಳೆಯ ಸಂತೆಯ ಶಕುನ ಎಂದು ಎಲ್ಲರೂ ನಗುತ್ತಿದ್ದರು. ಸೂಜಿಯಮ್ಮನೂ ನಕ್ಕಿದ್ದಳು.

“ಕೋಪ ಮಾಡ್ಕೋಬೇಡಿ ಭಾವ,” ಎಂದ ಡ್ರೈವರು. “ಬಾಯಿ ತಪ್ಪಿ ಬಂತು. ಅಕ್ಕನ ಶಕುನ ನನಗೆ ನೆನಪಿರಲಿಲ್ಲ.”

“ಶಕುನ ಅಲ್ಲಪ್ಪ.” ಭಾವ ಹಲಗೆಯ ಅಂಚು ಹಿಡಿದುಕೊಂಡ. “ಎರಡನೇ ವರ್ಷ. ಒಬ್ಬಳು ತಾಯಿ, ಜ್ವರ ಬಿಟ್ಟು ನಾಲ್ಕು ದಿನ ಆಗಿದ್ದ ಮಗೂನ ತಂದಿದ್ಲು. ಇವಳು ತೂಗಿ ನೋಡಿ, ಮಗು ಬಹಳ ಹಗುರ ಆಗಿದೆ ಕಣಮ್ಮ ಅಂದ್ಲು. ಆ ತಾಯಿಗೆ ಏನು ಕೇಳಿಸ್ತು? ಜ್ವರ ಬಿಟ್ಟ ಮೇಲೆ ನಾವು ಏನಂತೀವಿ? ಮೈ ಹಗುರ ಆಯ್ತು ಅಂತೀವಿ. ಗುಣ ಆಯ್ತು ಅಂತ ತಿಳ್ಕೊಂಡ್ಲು. ಇವಳ ಕೈ ಹಿಡಿದು, ನಿಮ್ಮ ಬಾಯಿಂದ ಒಳ್ಳೇ ಮಾತು ಬಂತಕ್ಕ ಅಂತ ನಕ್ಕೊಂಡು ಹೋದ್ಲು. ಮುಂದಿನ ವಾರ ನಾವಿಬ್ರೂ ಆ ಮಗೂನ ಮಣ್ಣಿಗೆ ಹೋದ್ವಿ.”

ಡ್ರೈವರು ಹಲಗೆಯನ್ನು ಇನ್ನೊಂದು ಹೆಗಲಿಗೆ ಬದಲಿಸಿಕೊಂಡ.

“ಆ ತಾಯಿ ಬೈಲಿಲ್ಲ. ನೀವು ಹೇಳಿದ ಮೇಲೆ ಒಂದು ವಾರ ನಿಶ್ಚಿಂತೆಯಾಗಿ ನಿದ್ದೆ ಮಾಡಿದೆ ಅಕ್ಕ ಅಂದ್ಲು. ಅಷ್ಟೇ. ಬೈದಿದ್ರೆ ಇವಳಿಗೂ ಒಂದಿಷ್ಟು ನಿದ್ದೆ ಬರ್ತಿತ್ತೋ ಏನೋ.” ಭಾವ ಮೂಗು ಒರೆಸಿಕೊಂಡ. “ಯಾರಿಗೂ ಹೇಳಬೇಡಿ ಅಂದಿದ್ಲು. ಶಕುನ ಅಂತ ನಗಲಿ, ನಗ್ತಾ ನೆನಪಿಟ್ಕೊಳ್ತಾರೆ ಅಂದಿದ್ಲು. ಹ್ಞೂಂ, ನಡೀರಿ.”

ಮೆರವಣಿಗೆ ಹೊರಟಿತು. ಸೂಜಿಯಮ್ಮ ಹಿಂದೆ ಉಳಿದಳು.

ಹಸಿರು ಶಾಲಿನವಳು ನಕ್ಕಿದ್ದಳು. ಹೋದ ವಾರವಿಡೀ ಆ ನಗು ಸೂಜಿಯಮ್ಮನ ಮನಸ್ಸಿನ ಮೂಲೆಯಲ್ಲೆಲ್ಲೋ ಒಣಹುಲ್ಲಿನ ಹಾಗೆ ಚುಚ್ಚುತ್ತಿತ್ತು. ಕೆಂಪು ಪಟ್ಟಿ ಕಂಡು ನಗುವ ತಾಯಿ ಎಂಥವಳು ಎಂದು. ಈಗ ತನ್ನದೇ ದನಿ ಕಿವಿಗೆ ಬಿತ್ತು. “ಎಷ್ಟು ಹಗುರ ಆಗಿದೆಯಲ್ಲಮ್ಮ ಮಗು. ಆ ಕಡೆ ಹೋಗು.” ಆ ಕಡೆ ಮೇಜೂ ಇತ್ತು, ಬಾಗಿಲೂ ಇತ್ತು. ಒಳ್ಳೆಯ ಸುದ್ದಿ ಕೇಳಿದವಳು ಬಾಗಿಲ ಕಡೆಗೇ ಹೋಗುತ್ತಾಳೆ.

ಅವಳು ಓಡಿದಳು. ಐವತ್ತಾರರ ಮೊಣಕಾಲು ಬೇಡವೆಂದರೂ ಓಡಿ, ಹಲಗೆಯ ಹಿಂದಿದ್ದ ಡ್ರೈವರನ ತೋಳು ಹಿಡಿದಳು.

“ಹೊಸಬರು ಎಲ್ಲಿದಾರೋ? ಪೂರ್ವದ ಡೇರೇಲಿದ್ದವರು?”

“ಈಗ ಕೇಳ್ತೀರಾ ಸೂಜಿಯಮ್ಮ?”

“ಈಗಲೇ ಬೇಕು!”

“ಹತ್ತಿ ಗೋದಾಮಲ್ಲಿ. ರೈಲು ಕಂಬಿ ಆಚೆ. ಡೇರೆ ಸೋರುತ್ತೆ ಅಂತ ಎದ್ದು ಹೋದ್ರು. ಹನ್ನೊಂದು ಮನೆ, ದಿನಾ ನೀರು ಕೊಡ್ತೀನಿ.”

ನಡೆದರೆ ಮುಕ್ಕಾಲು ಗಂಟೆ. ಸೂಜಿಯಮ್ಮ ಭಾವನ ಮುಖ ನೋಡಿದಳು. ಇಪ್ಪತ್ತು ವರ್ಷದ ಗೆಳತಿಗೆ ಒಂದು ಹಿಡಿ ಮಣ್ಣು ಹಾಕದೆ ಹೋಗುತ್ತೇನೆ ಎಂದು ಹೇಗೆ ಹೇಳುವುದು?

“ನಾನೂ ಅಂದುಬಿಟ್ಟೆ ಭಾವ,” ಎಂದಳು ಕೊನೆಗೆ. “ಆ ಮಾತು. ಹೋದ ವಾರ.”

ಭಾವ ಡ್ರೈವರನ ಹೆಗಲಿನ ಜಾಗಕ್ಕೆ ತನ್ನ ಹೆಗಲು ಕೊಟ್ಟು ಹಲಗೆ ತೆಗೆದುಕೊಂಡ.

“ಟ್ಯಾಂಕರು ತಗೊಂಡು ಹೋಗಿ,” ಎಂದ. “ಇವಳಿಗಿನ್ನು ಅವಸರ ಇಲ್ಲ.”

*

ಹತ್ತಿ ಗೋದಾಮಿನಲ್ಲಿ ಹತ್ತಿ ಇಲ್ಲದೆ ಹತ್ತು ವರ್ಷವಾಗಿತ್ತು. ಕಂಬದಿಂದ ಕಂಬಕ್ಕೆ ಹಗ್ಗ ಕಟ್ಟಿ, ಹೊದಿಕೆ ಇಳಿಬಿಟ್ಟು ಹನ್ನೊಂದು ಮನೆ ಮಾಡಿಕೊಂಡಿದ್ದರು. ಏಳನೆಯ ಮನೆಗೆ ಗೋಡೆಯಾಗಿ ಹಸಿರು ಶಾಲು ತೂಗುತ್ತಿತ್ತು. ಅದನ್ನು ಸರಿಸಿದಾಗ ಆ ತಾಯಿ ಗಡಿಬಿಡಿಯಿಂದ ಎದ್ದು ನಿಂತಳು.

“ಅಯ್ಯೋ, ಡಾಕ್ಟ್ರಮ್ಮ! ಬನ್ನಿ, ಕೂತ್ಕೊಳ್ಳಿ. ಅಲ್ಲಿ ಯಾರೋ ದೊಡ್ಡೋರು ತೀರಿಕೊಂಡ್ರಂತೆ, ನಮಗೆ ಗೊತ್ತಿದ್ದೋರಲ್ಲ, ಕರೀದೆ ಹೆಂಗೆ ಹೋಗೋದು ಅಂತ ಸುಮ್ನಾದೆ...”

“ಮಗು ಎಲ್ಲಿ?”

“ಮಲಗಿದಾಳೆ. ನೀವು ಹೇಳಿದ ಮೇಲೆ ಬಹಳ ಆರಾಮಾಗಿದಾಳೆ. ಅಳೋದೇ ಇಲ್ಲ. ಇಂಥ ಒಳ್ಳೇ ಮಗು ಇಲ್ಲ ಅಂತಾರೆ ಎಲ್ಲರೂ.”

ಮಗು ಮಲಗಿರಲಿಲ್ಲ. ಚಾಪೆಯ ಮೇಲೆ ಕಣ್ಣು ಬಿಟ್ಟುಕೊಂಡು ಸುಮ್ಮನೆ ನೋಡುತ್ತಿತ್ತು. ಗುರುತಿಲ್ಲದ ಹೆಂಗಸು ಎತ್ತಿಕೊಂಡರೂ ಅಳಲಿಲ್ಲ. ಸೂಜಿಯಮ್ಮ ಪಾದದ ಮೇಲೆ ಹೆಬ್ಬೆರಳು ಒತ್ತಿ ಮೂರು ಎಣಿಸಿ ತೆಗೆದಳು, ಗುಳಿ ಬೀಳಲಿಲ್ಲ. ಕೈಗಡಿಯಾರ ನೋಡುತ್ತಾ ಒಂದು ನಿಮಿಷ ಉಸಿರು ಎಣಿಸಿದಳು. ಹಣೆ ಮುಟ್ಟಿದಳು. ಜ್ವರವಿಲ್ಲ, ಬಾವು ಇಲ್ಲ, ಉಸಿರು ನೆಟ್ಟಗಿದೆ. ತೋಳಪಟ್ಟಿ ಸುತ್ತಿದಳು. ಹೋದ ವಾರಕ್ಕಿಂತ ಎರಡು ಗೆರೆ ಕೆಳಗೆ.

“ನಾನು ಹೇಳಿದ್ದು ಏನು ಅಂತ ಗೊತ್ತೇನಮ್ಮ ನಿನಗೆ?”

“ಹಗುರ ಆಗಿದಾಳೆ ಅಂದ್ರಿ.”

“ಹ್ಞೂಂ. ತೂಕ ಇಳಿದುಹೋಗಿದೆ ಅನ್ನೋಕೆ ಹಂಗಂದೆ. ಮಗೂಗೆ ತೂಕ ಸಾಲದು. ಬಹಳ ಸಾಲದು. ತಪ್ಪು ನನ್ನದು ಕಣಮ್ಮ, ನಿನ್ನದಲ್ಲ. ನಾನು ಆಡಬಾರದ ಮಾತು ಆಡಿದೆ.”

ಆ ತಾಯಿಯ ಮುಖದ ಮೇಲಿದ್ದ ನಗು ಹೋಗಲು ಸ್ವಲ್ಪ ಹೊತ್ತು ಹಿಡಿಯಿತು. ಪಾಪ, ಹೋಗಬೇಕೆಂದು ಆ ನಗುವಿಗೂ ತಕ್ಷಣ ತಿಳಿಯಲಿಲ್ಲ. ಆಮೇಲೆ ಅವಳು ಶಾಲನ್ನು ಹಗ್ಗದಿಂದ ಎಳೆದುಕೊಂಡು, ಏನೂ ಕೇಳದೆ ಟ್ಯಾಂಕರಿನ ಕಡೆ ನಡೆದಳು.

ದಾರಿಯಲ್ಲಿ ಡ್ರೈವರು ಮೆಲ್ಲಗೆ, “ದೊಡ್ಡಾಸ್ಪತ್ರೆಗೇ ಬಿಡ್ಲಾ?” ಎಂದ.

“ಕೇಂದ್ರಕ್ಕೆ ನಡಿ. ಮೊದಲು ಹಸಿವು ನೋಡಬೇಕು.”

ಹಸಿವಿನ ಪರೀಕ್ಷೆ ಎಂದರೆ ಇಷ್ಟು. ಪೊಟ್ಟಣ ಕೊಟ್ಟರೆ ಮಗು ತಾನಾಗಿ ತಿನ್ನಬೇಕು. ತಿಂದರೆ ಮನೆಯಲ್ಲೇ ಉಳಿಸಿಕೊಳ್ಳಬಹುದು. ತಿನ್ನದಿದ್ದರೆ ದೊಡ್ಡಾಸ್ಪತ್ರೆ, ಅರ್ಧ ದಿನದ ದಾರಿ. ಹಸಿವೇ ಸತ್ತ ಎಷ್ಟೋ ಮಕ್ಕಳು ಆ ದಾರಿಯನ್ನು ಪೂರ್ತಿ ನೋಡಿರಲಿಲ್ಲ. ಬಲವಂತ ಮಾಡುವಂತಿಲ್ಲ. ಬಾಯಿಗೆ ತುರುಕುವಂತಿಲ್ಲ. ಸದ್ದಿರಬಾರದು. ಕಾಯಬೇಕು.

*

ಸೂಜಿಯಮ್ಮ ಬೀಗ ತೆಗೆದಳು. ತಾಯಿಯ ಕೈಗೆ, ಮಗುವಿನ ಕೈಗೆ ಸೋಪು ಹಾಕಿ ತೊಳೆಸಿದಳು. ಪೊಟ್ಟಣದ ಮೂಲೆ ಕತ್ತರಿಸಿ ಕೊಟ್ಟು, ಒಂದು ಲೋಟ ನೀರು ಪಕ್ಕಕ್ಕಿಟ್ಟು, ತಾನು ದೂರ ಕೂತಳು.

ತಾಯಿ ಬೆರಳ ತುದಿಯಲ್ಲಿ ಪೇಸ್ಟು ತೆಗೆದು ತುಟಿಗೆ ಹಚ್ಚಿದಳು. ಮಗು ಮುಖ ತಿರುಗಿಸಿತು.

ಐದು ನಿಮಿಷ. ಇನ್ನೊಮ್ಮೆ ಹಚ್ಚಿದಳು. ಮಗು ಬಾಯಿ ಬಿಗಿದುಕೊಂಡು ಗೋಡೆ ನೋಡಿತು.

“ಬೇಡ ಅಂತಾಳೆ,” ಎಂದಳು ತಾಯಿ.

“ಇರಲಿ. ಮಡಿಲಲ್ಲಿಟ್ಕೊಂಡು ಸುಮ್ನೆ ಕೂತ್ಕೋ. ಅವಳ ಜೊತೆ ಏನಾದ್ರೂ ಮಾತಾಡು.”

“ಏನು ಮಾತಾಡ್ಲಿ?”

“ಏನಾದ್ರೂ. ನನ್ನನ್ನ ಬೈ.”

ತಾಯಿ ಬೈಯಲಿಲ್ಲ. ಮಗುವಿನ ಕಿವಿಯಲ್ಲಿ ಏನೋ ಗುನುಗತೊಡಗಿದಳು. ಹತ್ತು ನಿಮಿಷವಾಯಿತು. ಹದಿನೈದು.

ಅಷ್ಟರಲ್ಲಿ ಹೊರಗೆ ಕಾಲ ಸಪ್ಪಳ ಕೇಳಿತು. ಟ್ಯಾಂಕರು ಇತ್ತ ಬಂದಿದ್ದರಿಂದ ಮಣ್ಣು ಮಾಡಿದಲ್ಲಿ ಕೈ ತೊಳೆಯಲು ನೀರಿರಲಿಲ್ಲ. ಇಡೀ ಬಿಡಾರ ಕೇಂದ್ರದ ನಲ್ಲಿಯನ್ನು ಹುಡುಕಿಕೊಂಡು ಬರುತ್ತಿತ್ತು. ಕೆಮ್ಮು, ಮಾತು, ಮಕ್ಕಳ ಗಲಾಟೆ, ಯಾರೋ ಸೀನಿದ್ದು. ಮಗು ಬೆದರಿ ತಾಯಿಯ ಎದೆಗೆ ಮುಖ ಒತ್ತಿಕೊಂಡಿತು. ಸೂಜಿಯಮ್ಮ ಏಳುವಷ್ಟರಲ್ಲಿ ಬಾಗಿಲಲ್ಲಿ ಭಾವ ಕಾಣಿಸಿಕೊಂಡ. ಮೊಣಕೈಯವರೆಗೆ ಮಣ್ಣು. ಅವನು ಮಗುವನ್ನು ನೋಡಿದ, ಕತ್ತರಿಸಿದ ಪೊಟ್ಟಣ ನೋಡಿದ. ಇಪ್ಪತ್ತನಾಲ್ಕು ವರ್ಷ ತೂಕದಕ್ಕನ ಜೊತೆ ಊಟಕ್ಕೆ ಕೂತವನಿಗೆ ಬಿಡಿಸಿ ಹೇಳುವುದೇನೂ ಉಳಿದಿರಲಿಲ್ಲ. ಹಿಂದಕ್ಕೆ ತಿರುಗಿ, ಕೈ ಮೇಲೆತ್ತಿದ.

ಸದ್ದು ಅಡಗಿತು. 

ಕಿಟಕಿಯ ಹೊರಗೆ ತಲೆಗಳು ಒಂದೊಂದಾಗಿ ಮೂಡಿದವು. ಸೂಲಗಿತ್ತಿ, ಎಲ್ಲರಿಗಿಂತ ಮೇಲೆ ಬಡಗಿ. ಬಟ್ಟೆಗೆ ತಾಗದಿರಲೆಂದು ಮಣ್ಣಿನ ಕೈಗಳನ್ನು ಮೈಯಿಂದ ದೂರ ಹಿಡಿದುಕೊಂಡು ನಿಂತಿದ್ದರು. ನಲ್ಲಿ ಅಲ್ಲೇ ಇತ್ತು. ಯಾರೂ ತಿರುಗಿಸಲಿಲ್ಲ.

ಮಗು ಎದೆಯಿಂದ ಮುಖ ಎತ್ತಿತು. ತುಟಿಯ ಮೇಲೆ ಅಂಟಿಕೊಂಡಿದ್ದದ್ದಕ್ಕೆ ನಾಲಿಗೆಯ ತುದಿ ತಾಗಿತು. ಹುಬ್ಬು ಗಂಟಿಕ್ಕಿ, ಯಾರೋ ಹೇಳಿದ ಮಾತನ್ನು ನಂಬಲೋ ಬೇಡವೋ ಎಂಬಂತೆ ಸ್ವಲ್ಪ ಹೊತ್ತು ಇತ್ತು. ನಾಲಿಗೆ ಇನ್ನೊಮ್ಮೆ ಹೊರಗೆ ಬಂತು. ತಾಯಿ ಬೆರಳು ಚಾಚಿದಳು. ಮಗು ಬೆರಳನ್ನು ಬಿಟ್ಟು, ಅದರಾಚೆ ಮಡಿಲಲ್ಲಿದ್ದ ಪೊಟ್ಟಣವನ್ನೇ ಎರಡೂ ಕೈಯಿಂದ ಹಿಡಿದು ಬಾಯಿಗಿಟ್ಟುಕೊಂಡಿತು.

“ಹಿಂಡಿ ಕೊಡ್ತೀನಿ, ತಾ,” ಎಂದು ತಾಯಿ ಮೆಲ್ಲಗೆ ಎಳೆದಳು.

ಕೊಡಲಿಲ್ಲ. ತಾಯಿ ಇನ್ನೂ ಸ್ವಲ್ಪ ಎಳೆದಳು. ಮಗು ಗುರ್ರೆಂದು, ಕಾಲುಗಳೆರಡನ್ನೂ ಅವಳ ಹೊಟ್ಟೆಗೆ ಊರಿ, ಕಡ್ಡಿಯಂಥ ತೋಳುಗಳ ನರ ಉಬ್ಬುವ ಹಾಗೆ ತನ್ನ ಕಡೆಗೆ ಜಗ್ಗತೊಡಗಿತು.